ಬಿಟಿ ಬದನೆ: ಏಳು ಸಭೆ, ಬಾರದ ಉತ್ತರ

2010ರ ಜನವರಿ 13ಕ್ಕೆ ಕೋಲ್ಕತ್ತಾದಲ್ಲಿ ಶುರುವಾಗಿ ಫೆಬ್ರವರಿ 6ಕ್ಕೆ ಬೆಂಗಳೂರಿನಲ್ಲಿ ಮುಗಿದ ಏಳು ಸಭೆಗಳ ಪ್ರಕರಣ ಇದು. ನಡುವೆ ಭುವನೇಶ್ವರ, ಅಹಮದಾಬಾದ್, ನಾಗ್ಪುರ, ಚಂಡೀಗಢ, ಹೈದರಾಬಾದ್. ಎಲ್ಲ ಕಡೆಯೂ ಆಗಿನ ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಖುದ್ದಾಗಿ ಕೂತು ಜನರ ಮಾತು ಕೇಳಿದರು. ವಿಷಯ ಒಂದೇ: ಬಿಟಿ ಬದನೆಯನ್ನು, ಅಂದರೆ ಹುಳು ತಡೆಯಲು ಬೇರೆ ಜೀವಿಯ ಜೀನ್ ಸೇರಿಸಿದ ಕುಲಾಂತರಿ ಬದನೆಯನ್ನು, ರೈತರ ಹೊಲಕ್ಕೆ ಬಿಡಬೇಕೋ, ಬೇಡವೋ. ಒಟ್ಟು ಸುಮಾರು 8000 ಜನ ಬಂದಿದ್ದರು. ಬೆಂಗಳೂರಿನ ಸಭೆ ಮುಗಿದು ಮೂರು ದಿನಕ್ಕೆ, ಫೆಬ್ರವರಿ 9ರಂದು, ಸಚಿವರು ಬಿಟಿ ಬದನೆಗೆ ತಡೆ ಹಾಕಿದರು. ಆ ತಡೆಯನ್ನು ಆಮೇಲೆ ಬಂದ ಯಾವ ಸರ್ಕಾರವೂ ತೆಗೆದಿಲ್ಲ.

ವಿಜ್ಞಾನವನ್ನು ಜನರ ಜೊತೆ ಹೇಗೆ ಮಾತಾಡಬೇಕು ಅಂತ ಹೇಳುವ ಸಿದ್ಧಾಂತಗಳು ಬೇಕಾದಷ್ಟಿವೆ. ಅವುಗಳಲ್ಲಿ ಬಹುತೇಕ ಎಲ್ಲವನ್ನೂ ಈ ಒಂದೇ ಪ್ರಕರಣದ ಮೇಲೆ ಇಟ್ಟು ನೋಡಬಹುದು. ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಸಭೆಗಳು ದಾರಿ ತಪ್ಪಿದ್ದಕ್ಕೆ ಜನರ ಕೂಗಾಟವನ್ನು ಕೆಲವರು ದೂರುತ್ತಾರೆ, ವಿಜ್ಞಾನಿಗಳ ಸೊಕ್ಕನ್ನು ಇನ್ನು ಕೆಲವರು. ನನಗೆ ಕಾಣುವ ಕಾರಣ ಬೇರೆ. ಅಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವ ಹೊಣೆ ಯಾರ ಮೇಲೂ ಇರಲಿಲ್ಲ.

ಪುಸ್ತಕದಲ್ಲಿ ಇರೋದು

ಮೊದಲು ಸಿದ್ಧಾಂತದ ಕಡೆ ಒಂದು ಸುತ್ತು. 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿ, ತಳಿವಿಜ್ಞಾನಿ ವಾಲ್ಟರ್ ಬೋಡ್ಮರ್ ಮುಂದಾಳತ್ವದಲ್ಲಿ ಒಂದು ವರದಿ ತಂದಿತು. ಜನರಿಗೆ ವಿಜ್ಞಾನ ಇನ್ನೂ ಚೆನ್ನಾಗಿ ಅರ್ಥವಾಗಬೇಕು, ವಿಜ್ಞಾನಿಗಳು ಹೊರಗೆ ಬಂದು ಮಾತಾಡಬೇಕು ಅನ್ನೋದು ಅದರ ತಿರುಳು. ಉದ್ದೇಶ ಒಳ್ಳೆಯದೇ. ಆದರೆ ಅದರ ಅಡಿಯಲ್ಲಿ ಒಂದು ನಂಬಿಕೆ ಇತ್ತು: ಜನ ಹೊಸ ತಂತ್ರಜ್ಞಾನವನ್ನು ಬೇಡ ಅನ್ನುವುದು ಗೊತ್ತಿಲ್ಲದ್ದರಿಂದ, ಗೊತ್ತು ಮಾಡಿಸಿದರೆ ಒಪ್ಪುತ್ತಾರೆ. ಇದನ್ನೇ ಆಮೇಲಿನವರು ಕೊರತೆ ಮಾದರಿ ಅಂತ ಕರೆದರು. ಜನರಲ್ಲಿ ಜ್ಞಾನದ ಕೊರತೆ, ತುಂಬಿಸಿದರೆ ಮುಗೀತು ಅನ್ನೋ ಲೆಕ್ಕ.

ಈ ಲೆಕ್ಕ ತಪ್ಪು ಅಂತ ತೋರಿಸಿದ್ದು ಇಂಗ್ಲೆಂಡಿನ ಕಂಬ್ರಿಯಾದ ಕುರಿ ಸಾಕುವವರು. 1986ರಲ್ಲಿ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದ ದುರಂತವಾದಾಗ ಕಂಬ್ರಿಯಾದ ಬೆಟ್ಟಗಳ ಮೇಲೆ ಸೀಸಿಯಂ ಎಂಬ ವಿಕಿರಣ ಸೂಸುವ ವಸ್ತು ಮಳೆಯ ಜೊತೆ ಬಿತ್ತು. ಕುರಿ ಮಾರುವುದಕ್ಕೆ ಮೂರು ವಾರ ತಡೆ ಅಂದರು ಅಧಿಕಾರಿಗಳು. ಕೆಲವು ಕಡೆ ಆ ತಡೆ 2012ರ ತನಕ ಎಳೆಯಿತು. ವಿಜ್ಞಾನಿಗಳ ಲೆಕ್ಕ ಜೇಡಿಮಣ್ಣಿನದು, ಬೆಟ್ಟದ ಮಣ್ಣು ಹುಳಿ ಮಣ್ಣು. ಅದರಲ್ಲಿ ಸೀಸಿಯಂ ಮಣ್ಣಿಗೆ ಅಂಟಿಕೊಳ್ಳದೆ ಮತ್ತೆ ಮತ್ತೆ ಹುಲ್ಲಿಗೆ ಏರುತ್ತಿತ್ತು. ಯಾವ ಬೆಟ್ಟದಲ್ಲಿ ಕುರಿ ಯಾವಾಗ ಮೇಯುತ್ತದೆ ಅಂತ ಕುರಿಯವರಿಗೆ ಗೊತ್ತಿತ್ತು. ಅವರನ್ನು ಯಾರೂ ಕೇಳಲಿಲ್ಲ. ಬ್ರಯಾನ್ ವಿನ್ ಎಂಬ ಸಮಾಜಶಾಸ್ತ್ರಜ್ಞ ಇದನ್ನು ಅಧ್ಯಯನ ಮಾಡಿ ಬರೆದದ್ದು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಜನರದ್ದೂ ಒಂದು ಬಗೆಯ ತಿಳಿವಳಿಕೆ, ಮತ್ತು ಅವರು ನಂಬುವುದೋ ಬಿಡುವುದೋ ಹಿಂದಿನ ಅನುಭವ ನೋಡಿಕೊಂಡು ಅನ್ನೋದು ಅವರ ಮಾತು.

ದನದ ಮಾಂಸಕ್ಕೆ ಅಪಾಯವಿಲ್ಲ ಅಂದ ಸರ್ಕಾರದ ಮಾತು ಸುಳ್ಳಾಗಿ ಬ್ರಿಟನ್ನಿನಲ್ಲಿ ಹುಚ್ಚು ಹಸು ರೋಗದ ರಾದ್ಧಾಂತ ಆದ ಮೇಲೆ, 2000ದಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿಯೊಂದು ಇನ್ನು ಮುಂದೆ ಪಾಠ ಹೇಳೋದಲ್ಲ, ಸಂವಾದ ಮಾಡಬೇಕು ಅಂತ ಬರೆಯಿತು. ಅಲ್ಲಿಂದ ಸಂವಾದ ಮಾದರಿಯ ಕಾಲ ಶುರುವಾಯಿತು. ಕೊರತೆ ಕೆಟ್ಟದ್ದು, ಸಂವಾದ ಒಳ್ಳೆಯದು. ತರಗತಿಗಳಲ್ಲಿ ಈಗಲೂ ಹೆಚ್ಚು ಕಡಿಮೆ ಹೀಗೆಯೇ ಹೇಳಿಕೊಡುತ್ತಾರೆ.

ಆ ಲೆಕ್ಕದಲ್ಲಿ ನೋಡಿದರೆ ಜೈರಾಂ ರಮೇಶ್ ಮಾಡಿದ್ದು ನೂರಕ್ಕೆ ನೂರು ಅಂಕದ ಕೆಲಸ ಆಗಬೇಕಿತ್ತು, ಅಲ್ವಾ?

ಬದನೆಯ ಹಿನ್ನೆಲೆ

ಬದನೆ ಬೆಳೆದವರಿಗೆ ಕುಡಿ ಮತ್ತು ಕಾಯಿ ಕೊರೆಯುವ ಹುಳು ಗೊತ್ತು. ಮೊದಲು ಕುಡಿ ಬಾಡುತ್ತದೆ, ಆಮೇಲೆ ಕಾಯಲ್ಲಿ ತೂತು. ಹುಳು ಒಳಗೆ ಹೊಕ್ಕ ಮೇಲೆ ಔಷಧಿ ಅದಕ್ಕೆ ತಾಗುವುದಿಲ್ಲ. ಹಾಗಾಗಿ ಹೊಕ್ಕುವ ಮೊದಲೇ ಹೊಡೆಯಬೇಕು, ಮತ್ತೆ ಮತ್ತೆ ಹೊಡೆಯಬೇಕು. ಒಂದು ಬೆಳೆಗೆ ಹತ್ತಾರು ಸಲ ಹೊಡೆಯುವವರೂ ಇದ್ದಾರೆ. ಅದೇ ಕಾಯಿ ಮರುದಿನ ಸಂತೆಗೆ ಬರುತ್ತದೆ. ಬಿಟಿ ಬದನೆಯ ಪರವಾಗಿ ಇದ್ದ ವಾದ ಸುಮ್ನೆ ಹುಟ್ಟಿದ್ದಲ್ಲ.

ಮಹಾರಾಷ್ಟ್ರದ ಮಹಿಕೊ ಬೀಜ ಕಂಪನಿ, ಅಮೆರಿಕದ ಮಾನ್ಸಾಂಟೊ ಕಂಪನಿಯಿಂದ ಬಂದ ಕ್ರೈ1ಎಸಿ ಎಂಬ ಜೀನ್ ಅನ್ನು ಬದನೆಗೆ ಸೇರಿಸಿತು. ಈ ಜೀನ್ ಮಣ್ಣಿನ ಒಂದು ಬ್ಯಾಕ್ಟೀರಿಯಾದ್ದು. ಅದು ಮಾಡುವ ಪ್ರೋಟೀನ್ ಹುಳುವಿನ ಕರುಳಿನ ಗೋಡೆಗೆ ಅಂಟಿ ತೂತು ಮಾಡುತ್ತದೆ. ಹುಳು ತಿನ್ನುವುದು ಬಿಟ್ಟು ಸಾಯುತ್ತದೆ. ಮನುಷ್ಯರ ಕರುಳಲ್ಲಿ ಅದು ಅಂಟಿಕೊಳ್ಳುವ ಜಾಗವೇ ಇಲ್ಲ, ಹಾಗಾಗಿ ನಮಗೆ ಅಪಾಯವಿಲ್ಲ ಅನ್ನೋದು ವಿಜ್ಞಾನಿಗಳ ವಿವರಣೆ. ಬಿಟಿ ಹತ್ತಿಯಲ್ಲೂ ಇದೇ ತಂತ್ರ. ಅದಕ್ಕೆ ಭಾರತದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಆದರೆ ಹತ್ತಿಯನ್ನು ಯಾರೂ ಹುಳಿಗೆ ಹಾಕುವುದಿಲ್ಲ.

2009ರ ಅಕ್ಟೋಬರ್ 14ರಂದು, ಕುಲಾಂತರಿ ಬೆಳೆಗಳನ್ನು ಪರಿಶೀಲಿಸುವ ಪರಿಸರ ಸಚಿವಾಲಯದ ಸಮಿತಿ ಜೆನೆಟಿಕ್ ಎಂಜಿನಿಯರಿಂಗ್ ಅಪ್ರೂವಲ್ ಕಮಿಟಿ, ಅಂದರೆ ಜಿಇಎಸಿ, ಬಿಟಿ ಬದನೆಯನ್ನು ಬಿಡಬಹುದು ಅಂತ ಶಿಫಾರಸು ಮಾಡಿತು. ಒಪ್ಪಿಗೆ ಪೂರ್ತಿ ಒಮ್ಮತದ್ದಲ್ಲ. ಸುಪ್ರೀಂ ಕೋರ್ಟ್ ಆ ಸಮಿತಿಗೆ ಕಳುಹಿಸಿದ್ದ ವೀಕ್ಷಕ, ಜೀವವಿಜ್ಞಾನಿ ಪಿ.ಎಂ. ಭಾರ್ಗವ, ಪರೀಕ್ಷೆಗಳು ಸಾಲದು ಅಂತ ಬಲವಾಗಿ ವಿರೋಧಿಸಿದ್ದರು. ಇನ್ನೊಂದು ವಿಷಯ: ಕಂಪನಿಯ ಪರೀಕ್ಷೆಗಳ ಅಂಕಿಅಂಶ ಜನರ ಕೈಗೆ ಸಿಕ್ಕಿದ್ದೂ ತಾನಾಗಿ ಅಲ್ಲ. ಮಾಹಿತಿ ಹಕ್ಕಿನ ಅರ್ಜಿ, ಮೇಲ್ಮನವಿ, ಕೋರ್ಟು ಎಲ್ಲ ಆಗಿ 2008ರಲ್ಲಿ ಹೊರಬಂತು. ಯಾರಾದರೂ ಒತ್ತಾಯ ಮಾಡಿದ ಮೇಲೆ ಕಡತ ತೆರೆದರೆ, ಒಳಗೆ ಏನೇ ಒಳ್ಳೆಯದಿದ್ದರೂ ಓದುವವರು ಅನುಮಾನದಿಂದಲೇ ಓದುತ್ತಾರೆ.

ಶಿಫಾರಸು ಬಂದ ಕೂಡಲೇ ಸಚಿವರು ತಜ್ಞರ ವರದಿಯನ್ನು ವೆಬ್‌ಸೈಟಿಗೆ ಹಾಕಿಸಿದರು, ಡಿಸೆಂಬರ್ 31ರ ತನಕ ಅಭಿಪ್ರಾಯ ಕಳುಹಿಸಿ ಅಂದರು, ಆಮೇಲೆ ಸಭೆ ಅಂದರು. ಸಭೆ ನಡೆಸುವ ಕೆಲಸ ಅಹಮದಾಬಾದಿನ ಸೆಂಟರ್ ಫಾರ್ ಎನ್ವಿರಾನ್‌ಮೆಂಟ್ ಎಜುಕೇಶನ್‌ಗೆ ಹೋಯಿತು. ಕೋಲ್ಕತ್ತಾ ಮತ್ತು ಭುವನೇಶ್ವರ ಮೊದಲು ಬಂದದ್ದಕ್ಕೆ ಕಾರಣ ಇತ್ತು. ದೇಶದ ಬದನೆಯಲ್ಲಿ ಸುಮಾರು ಅರ್ಧ ಪಶ್ಚಿಮ ಬಂಗಾಳ ಮತ್ತು ಒಡಿಶಾದ್ದೇ.

ಸಭೆಯಲ್ಲಿ ಏನು ಕೇಳಿದರು

ಸಿದ್ಧಾಂತದವರ ಒಂದು ಎಚ್ಚರಿಕೆ ಇಲ್ಲಿ ಸರಿಯಾಗಿ ಕೂರುತ್ತದೆ. ಜನರನ್ನು ಕೇಳುವುದಾದರೆ ಶುರುವಿನಲ್ಲೇ ಕೇಳಿ, ಎಲ್ಲ ತೀರ್ಮಾನ ಆದ ಮೇಲಲ್ಲ ಅನ್ನುತ್ತಾರೆ ಅವರು. ಬಿಟಿ ಬದನೆಯ ಕೆಲಸ ಶುರುವಾಗಿ ಎಷ್ಟೋ ವರ್ಷ ಆದ ಮೇಲೆ, ತಜ್ಞರ ಸಮಿತಿ ಹೂಂ ಅಂದ ಮೇಲೆ ಸಭೆ ಕರೆದರು. ಆಗ ಬಾಕಿ ಉಳಿದಿದ್ದು ಹೌದು ಅಥವಾ ಇಲ್ಲ ಅನ್ನೋ ಎರಡೇ ಉತ್ತರ. ಎರಡೇ ಉತ್ತರ ಇರುವ ಕಡೆ ಎರಡು ಪಕ್ಷ ಆಗದೆ ಇನ್ನೇನಾಗುತ್ತದೆ? ಹೊರಗೆ ಘೋಷಣೆ, ಒಳಗೆ ಮೈಕಿಗೆ ಪೈಪೋಟಿ. ಒಬ್ಬೊಬ್ಬರಿಗೆ ಕೆಲವೇ ನಿಮಿಷ. ವಿಜ್ಞಾನವನ್ನು ಚಪ್ಪಾಳೆ ಎಣಿಸಿ ತೀರ್ಮಾನ ಮಾಡುತ್ತಾರಾ ಅಂತ ವಿಜ್ಞಾನಿಗಳು ಸಿಟ್ಟಾದರು. ಆ ಸಿಟ್ಟಿನಲ್ಲಿ ಅರ್ಥವಿತ್ತು. ಒಂದು ಪ್ರೋಟೀನ್ ವಿಷವೋ ಅಲ್ಲವೋ ಅನ್ನೋದನ್ನು ಸಭೆ ಹೇಳಲಾರದು.

ಆದರೆ ಸಭೆ ಅದನ್ನು ಮಾತ್ರ ಕೇಳುತ್ತಿರಲಿಲ್ಲ. ಬೀಜ ಯಾರ ಕೈಯಲ್ಲಿ ಇರುತ್ತದೆ? ಮುಂದಿನ ವರ್ಷಕ್ಕೆ ಎತ್ತಿಟ್ಟುಕೊಳ್ಳಬಹುದಾ? ಬೆಳೆ ಕೈಕೊಟ್ಟರೆ ಯಾರು ಕೊಡುತ್ತಾರೆ? ಪರೀಕ್ಷೆ ಮಾಡಿದವರು ಮಾರುವವರೇ ಆದರೆ ನಂಬೋದು ಹೇಗೆ? ಪಕ್ಕದ ಹೊಲದ ಪರಾಗ ನನ್ನ ನಾಟಿ ಬದನೆಗೆ ಬಂದರೆ? ಸಾವಯವ ಅಂತ ಮಾರುವವನ ಗತಿ ಏನು? ಸಂತೆಯಲ್ಲಿ ರಾಶಿ ಹಾಕಿದ ಬದನೆಯಲ್ಲಿ ಬಿಟಿ ಯಾವುದು ಅಂತ ಕೊಳ್ಳುವವಳಿಗೆ ಹೇಗೆ ಗೊತ್ತಾಗಬೇಕು? ಈ ಯಾವ ಪ್ರಶ್ನೆಗೂ ಕ್ರೈ1ಎಸಿ ಪ್ರೋಟೀನಿನ ವಿವರಣೆ ಉತ್ತರ ಅಲ್ಲ. ಪರವಾಗಿ ಮಾತಾಡಿದ ರೈತರೂ ಇದ್ದರು. ಅವರದ್ದೂ ಪ್ರೋಟೀನ್ ಮಾತಲ್ಲ, ಔಷಧಿ ಖರ್ಚಿನ ಮಾತು, ಬೆನ್ನಿಗೆ ಪಂಪು ಕಟ್ಟಿಕೊಂಡು ವಿಷ ಉಸಿರಾಡುವ ಮಾತು.

ಕರ್ನಾಟಕದಲ್ಲಿ ಈ ಪ್ರಶ್ನೆಗಳಿಗೆ ಆಗಲೇ ಹನ್ನೊಂದು ವರ್ಷ ವಯಸ್ಸಾಗಿತ್ತು. 1998ರ ನವೆಂಬರ್ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರಾಜ್ಯ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆ ಕಿತ್ತು ಸುಟ್ಟಿತು. ಹೊಲದ ಯಜಮಾನನಿಗೇ ಅದು ಎಂಥ ಬೀಜ ಅಂತ ಹೇಳಿರಲಿಲ್ಲ ಅನ್ನೋದು ಸಂಘದ ದೊಡ್ಡ ಆರೋಪವಾಗಿತ್ತು. ಬೆಳೆ ಸುಡುವುದು ಸಂವಾದ ಅಲ್ಲ, ನಿಜ. ಆದರೆ ಹೇಳದೆ ಬಿತ್ತಿಸುವುದೂ ಅಲ್ಲ. ಕುರಿಯವರ ಪ್ರಕರಣದಲ್ಲಿ ವಿನ್ ಹೇಳಿದ್ದು ಇದನ್ನೇ: ಜನ ಒಂದು ಮಾತನ್ನು ತೂಗುವಾಗ ಆಡಿದವರ ಹಳೆಯ ನಡತೆಯನ್ನೂ ತೂಗುತ್ತಾರೆ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಭೆಗೆ ಬಂದವರ ಜೊತೆ ರಾಯಚೂರೂ ಬಂದಿತ್ತು.

ಹದಿನಾಲ್ಕು ಜನರ ಸಭೆ

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇಲ್ಲಿ ಹೇಳಬೇಕು. ಈ ಏಳು ಸಭೆಗಳಿಗೆ ಹತ್ತು ವರ್ಷ ಮೊದಲು, 2000ದಲ್ಲಿ, ನಮ್ಮ ಚಿತ್ರದುರ್ಗದಲ್ಲೇ ಆಕ್ಷನ್ ಏಡ್ ಎಂಬ ಸಂಸ್ಥೆ ರೈತರ ಒಂದು ಪಂಚಾಯಿತಿ ಕೂರಿಸಿತ್ತು. ಹದಿನಾಲ್ಕು ಸಣ್ಣ ಹಿಡುವಳಿದಾರರು. ಕುಲಾಂತರಿ ಬೀಜದ ಪರ ಇರುವವರು, ವಿರೋಧ ಇರುವವರು ಒಬ್ಬೊಬ್ಬರಾಗಿ ಬಂದು ಸಾಕ್ಷಿ ಹೇಳಿದರು. ಮಾನ್ಸಾಂಟೊ ಕಡೆಯವರೂ ಬಂದಿದ್ದರು. ರೈತರು ಕೂತು ಅವರನ್ನೆಲ್ಲ ಪ್ರಶ್ನೆ ಮಾಡಿದರು. ಕೊನೆಗೆ ಮತ ಹಾಕಿದರು: ಈ ಬೀಜ ನಿಮ್ಮ ಹೊಲಕ್ಕೆ ಹಾಕುತ್ತೀರಾ? ಬೇಡ ಅಂದವರು 9, ಹಾಕುತ್ತೇವೆ ಅಂದವರು 4, ಒಂದು ಮತ ಅಸಿಂಧುವಾಯಿತು.

ನನಗೆ ಮತದ ಲೆಕ್ಕಕ್ಕಿಂತ ಜಾಸ್ತಿ ಹಿಡಿಸಿದ್ದು ಅವರು ಹಾಕಿದ ಷರತ್ತುಗಳು. ವರ್ಷಗಟ್ಟಲೆ ಹೊಲದಲ್ಲೇ ಪರೀಕ್ಷೆ ಆಗಲಿ, ಆ ಪರೀಕ್ಷೆಯಲ್ಲಿ ನಾವೂ ಇರಬೇಕು, ಮಣ್ಣಿಗೆ ಮುಂದಿನ ಬೆಳೆಗೆ ತೊಂದರೆ ಆಗಬಾರದು, ಬೀಜ ಕೈಕೊಟ್ಟರೆ ಪರಿಹಾರ ಬೇಕು. ಅಂದರೆ ಬೇಡ ಅನ್ನುವವರೂ ಯಾವಾಗ ಬೇಕು ಅನ್ನುತ್ತೇವೆ ಅಂತ ಬಿಡಿಸಿ ಹೇಳಿದ್ದರು. ಸಾವಿರಾರು ಜನರ ಸಭಾಂಗಣದಲ್ಲಿ ಇಂಥ ಉತ್ತರ ಬರುವುದಿಲ್ಲ. ಅಲ್ಲಿ ಎರಡು ನಿಮಿಷ ಸಿಕ್ಕವರು ಷರತ್ತು ಹೇಳುತ್ತಾ ಕೂರಲ್ಲ, ನಿಲುವು ಹೇಳಿ ಇಳಿಯುತ್ತಾರೆ.

ಬ್ರಿಟನ್ನಿನವರಿಗೆ ಇದು 2003ರಲ್ಲಿ ಗೊತ್ತಾಯಿತು. ಅಲ್ಲಿನ ಸರ್ಕಾರ ಕುಲಾಂತರಿ ಬೆಳೆ ಬಗ್ಗೆ ದೇಶದ ತುಂಬ ಚರ್ಚೆ ಇಟ್ಟಿತು. ಆರು ನೂರಕ್ಕೂ ಜಾಸ್ತಿ ಸಭೆ, ಸುಮಾರು 37,000 ಜನ ತುಂಬಿ ಕೊಟ್ಟ ಅಭಿಪ್ರಾಯದ ನಮೂನೆ. ತಾವಾಗಿ ಬಂದವರಲ್ಲಿ ಹೆಚ್ಚಿನವರು ಮೊದಲೇ ವಿರೋಧ ಇದ್ದವರು ಅಂತ ಅನುಮಾನ ಬಂದು, ಹತ್ತು ಸಣ್ಣ ಗುಂಪುಗಳಲ್ಲಿ 77 ಮಂದಿ ಸಾಮಾನ್ಯರನ್ನು ಬೇರೆಯಾಗಿ ಕೂರಿಸಿದರು. ಎರಡು ವಾರ ಕೊಟ್ಟು ಓದಿ, ಕೇಳಿ, ಮತ್ತೆ ಬನ್ನಿ ಅಂದರು. ಓದಿ ಬಂದವರು ಕೆಲವು ಲಾಭಗಳನ್ನು ಒಪ್ಪಿದರು, ಅಪಾಯದ ಬಗ್ಗೆ ಮಾತ್ರ ಮೊದಲಿಗಿಂತ ಹುಷಾರಾದರು. ತಿಳಿದಷ್ಟೂ ಒಪ್ಪುತ್ತಾರೆ ಅನ್ನೋ ಲೆಕ್ಕಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಭಾರತದ ಸಮಾಲೋಚನೆಗೆ ಬ್ರಿಟನ್ನಿನ ಪಾಠವೂ ಇತ್ತು, ಮನೆಯ ಪಕ್ಕದ ಚಿತ್ರದುರ್ಗದ ಪಾಠವೂ ಇತ್ತು. ಎರಡನ್ನೂ ಬಿಟ್ಟು ದೊಡ್ಡ ಸಭಾಂಗಣ ಹಿಡಿದರು.

ಧಾರವಾಡದ ಹತ್ತಿರ ಇದ್ದ ಉತ್ತರ

ಈ ಪ್ರಕರಣದ ನಿಜವಾದ ಗಂಟು ಇರುವುದು ಇಲ್ಲಿ. ಬೀಜ ಯಾರದ್ದು ಅನ್ನೋ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ ಸಿದ್ಧವಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಅದೇ ಜೀನನ್ನು ಊರಿನ ತಳಿಗಳಿಗೆ ಸೇರಿಸುವ ಕೆಲಸ ಮಾಡುತ್ತಿದ್ದವು. ಅಮೆರಿಕದ ಯುಎಸ್‌ಏಡ್ ನೆರವಿನ ಯೋಜನೆ ಅದು. ಮಹಿಕೊ ಮಾರುವುದು ಹೈಬ್ರಿಡ್, ವರ್ಷಾ ವರ್ಷಾ ಕೊಳ್ಳಬೇಕು. ವಿಶ್ವವಿದ್ಯಾಲಯದ್ದು ಹೈಬ್ರಿಡ್ ಅಲ್ಲ, ರೈತ ಬೀಜ ಎತ್ತಿಟ್ಟುಕೊಳ್ಳಬಹುದು, ಬೆಲೆಯೂ ಕಡಿಮೆ. ಧಾರವಾಡದವರ ಪಟ್ಟಿಯಲ್ಲಿ ಮಲಾಪುರ, ರಬಕವಿ, ಕುಡಚಿಯ ತಳಿಗಳಿದ್ದವು. ಉಡುಪಿ ಗುಳ್ಳವೂ ಇತ್ತು.

ಕಾಗದದ ಮೇಲೆ ಇದು ರೈತರ ಆತಂಕಕ್ಕೆ ನೇರ ಉತ್ತರ. ಆದರೆ ಆ ಉತ್ತರವೇ ಹೊಸ ಗಾಯ ಮಾಡಿತು. ಗುಳ್ಳ ಅಂದರೆ ಉಡುಪಿಯವರಿಗೆ ಬರೀ ಒಂದು ತಳಿ ಅಲ್ಲ. ಸೋದೆ ಮಠದ ವಾದಿರಾಜರು ಮಟ್ಟು ಊರಿನವರಿಗೆ ಬೀಜ ಕೊಟ್ಟರು ಅನ್ನೋ ನಂಬಿಕೆ ಇದೆ. ಪರ್ಯಾಯದ ಊಟಕ್ಕೆ ಮಟ್ಟುಗುಳ್ಳ ಇರಲೇಬೇಕು. ಸಮಾಲೋಚನೆಯ ಸಭೆಗಳು ನಡೆಯುತ್ತಿದ್ದಾಗಲೇ, 2010ರ ಜನವರಿ 18ಕ್ಕೆ, ಶಿರೂರು ಮಠದ ಪರ್ಯಾಯ ಶುರುವಾಗಿತ್ತು. 2011ರಲ್ಲಿ ಅದೇ ಮಟ್ಟುಗುಳ್ಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇಂಥ ಕಾಯನ್ನು ಪ್ರಯೋಗಾಲಯಕ್ಕೆ ಒಯ್ಯುವ ಮೊದಲು ಬೆಳೆದವರ ಜೊತೆ ಕೂತು ಮಾತಾಡಬೇಕು ಅನ್ನೋದಕ್ಕೆ ಯಾವ ಸಿದ್ಧಾಂತವೂ ಬೇಕಿಲ್ಲ.

ಮಾತಾಡುವುದು ಒಳ್ಳೆಯ ನಡತೆ ಮಾತ್ರ ಆಗಿರಲಿಲ್ಲ, ಕಾನೂನಿನ ವಿಷಯವೂ ಆಯಿತು. ತಡೆಯ ಆದೇಶ ಬಂದ ಒಂದೇ ವಾರದಲ್ಲಿ, ಫೆಬ್ರವರಿ 15ರಂದು, ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಪರಿಸರ ಸಂಘಟನೆ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಡೆಯಬೇಕಾದ ಒಪ್ಪಿಗೆ ಇಲ್ಲದೆ ಊರಿನ ತಳಿಗಳನ್ನು ಬಳಸಿದ್ದಾರೆ ಅನ್ನೋದು ದೂರು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನ ಮಾಡಿತು. ಆರೋಪದ ಸರಿ ತಪ್ಪು ಕೋರ್ಟಿನ ವಿಷಯ. ಆದರೆ ಹೊರಗಿನ ಓದುಗರಿಗೆ ಹೋದ ಸುದ್ದಿ ಒಂದೇ: ಭಾರತ ಬದನೆ ಕದ್ದವರ ಮೇಲೆ ಕೇಸು ಹಾಕುತ್ತಿದೆ. ರೈತ ಬೀಜ ಎತ್ತಿಟ್ಟುಕೊಳ್ಳಬಹುದಾದ ಬಿಟಿ ಬದನೆ ಒಂದಿತ್ತು ಅನ್ನೋ ಮಾತು ಆ ಗದ್ದಲದಲ್ಲಿ ಮುಳುಗಿಹೋಯಿತು.

ಸಂವಾದ ಅಂದರೆ ಸಭೆ ಕರೆಯೋದು ಅಂತ ಅಂದುಕೊಂಡರೆ ಈ ಭಾಗ ಅರ್ಥ ಆಗುವುದಿಲ್ಲ. ಗುಳ್ಳದ ಬೀಜ ಯಾರಿಂದ ತಂದರು, ಯಾವ ಕಾಗದಕ್ಕೆ ಸಹಿ ಆಯಿತು, ಅದರಲ್ಲಿ ಬೆಳೆದವರ ಹೆಸರು ಇದೆಯಾ ಅನ್ನೋದೇ ಜನರ ಜೊತೆಗಿನ ನಿಜವಾದ ಮಾತು. ಅಲ್ಲಿ ಆಡದ ಮಾತನ್ನು ಆಮೇಲೆ ಯಾವ ಸಭೆಯಲ್ಲೂ ಆಡಿ ತೀರಿಸಲಾಗುವುದಿಲ್ಲ.

ಒಂದು ಆದೇಶ, ಚೆನ್ನಾಗಿ ಬರೆದದ್ದು

ಫೆಬ್ರವರಿ 9ರ ಆದೇಶದ ಬಗ್ಗೆ ನನಗೆ ಮೆಚ್ಚುಗೆ ಇದೆ, ತೀರ್ಮಾನ ಒಪ್ಪಿದರೂ ಒಪ್ಪದಿದ್ದರೂ. ಸಾಮಾನ್ಯವಾಗಿ ಸರ್ಕಾರಿ ತೀರ್ಮಾನ ಒಂದು ಪ್ಯಾರಾದಲ್ಲಿ ಬರುತ್ತದೆ, ಕಾರಣ ಹುಡುಕಿದರೂ ಸಿಗಲ್ಲ. ಇಲ್ಲಿ ಸಚಿವರು ಪುಟಗಟ್ಟಲೆ ಬರೆದು, ಯಾರು ಏನು ಹೇಳಿದರು, ತಾನು ಯಾವುದನ್ನು ಯಾಕೆ ಒಪ್ಪಿದೆ ಅಂತ ಬಿಡಿಸಿಟ್ಟರು. ಪತ್ರಗಳನ್ನು ಅನುಬಂಧವಾಗಿ ಹಾಕಿದರು. ಬದನೆಯ ತವರು ಭಾರತವೇ, ಹಾಗಾಗಿ ತಳಿ ವೈವಿಧ್ಯದ ಬಗ್ಗೆ ಹೆಚ್ಚು ಹುಷಾರು ಬೇಕು ಅಂದರು. ಪರೀಕ್ಷೆಗಳನ್ನು ಬೀಜ ತಯಾರಿಸಿದವರೇ ಮಾಡಿದ್ದಾರೆ ಅನ್ನೋ ಆಕ್ಷೇಪವನ್ನು ಪಕ್ಕಕ್ಕೆ ತಳ್ಳಲಿಲ್ಲ. ತಮಿಳುನಾಡಿನ ವಿಶ್ವವಿದ್ಯಾಲಯದ ಒಪ್ಪಂದದಲ್ಲಿ ತಳಿಯ ಒಡೆತನ ಯಾರದ್ದು ಅನ್ನೋದು ಕಳವಳ ತರುವಂತಿದೆ ಅಂತಲೂ ಬರೆದರು. ಎಂ.ಎಸ್. ಸ್ವಾಮಿನಾಥನ್ ಅವರಂಥ ವಿಜ್ಞಾನಿಗಳು ಹೇಳಿದ ಎಚ್ಚರಿಕೆಯೂ, ಮುಖ್ಯಮಂತ್ರಿಗಳ ಪತ್ರಗಳೂ ಅದರಲ್ಲಿದ್ದವು. ದೀರ್ಘ ಸಂಶೋಧನೆ ಆಗುವ ತನಕ ಮುಂದೂಡಿ ಅಂತ ಕರ್ನಾಟಕವೂ ಬರೆದಿತ್ತು. ಈಗಲೇ ಬಿಡಬೇಕು ಅನ್ನುವಂಥ ಅವಸರ ಏನೂ ಇಲ್ಲ ಅನ್ನೋದು ಅವರ ತೀರ್ಮಾನದ ಒಂದು ಆಧಾರ.

ನನ್ನ ಕಣ್ಣಿಗೆ ಇಡೀ ಪ್ರಕರಣದಲ್ಲಿ ಅತ್ಯುತ್ತಮ ವಿಜ್ಞಾನ ಸಂವಹನ ಇದೇ. ಏಳು ಸಭೆಗಳಿಗಿಂತ ಈ ಒಂದು ಕಡತ ಜಾಸ್ತಿ ಕೆಲಸ ಮಾಡಿದೆ. ಓದಿದವನು ಜಗಳ ಆಡಬಹುದು, ಆದರೆ ಯಾವ ಮಾತಿನ ಜೊತೆ ಜಗಳ ಆಡಬೇಕು ಅಂತ ಅವನಿಗೆ ಗೊತ್ತಾಗುತ್ತದೆ.

ಆದರೆ ಅದೇ ಆದೇಶದ ಕೊನೆಯಲ್ಲಿ ಒಂದು ದೊಡ್ಡ ತೂತು ಇದೆ. ಜನರಿಗೂ ತಜ್ಞರಿಗೂ ಸಮಾಧಾನ ಆಗುವ ಹಾಗೆ ಸ್ವತಂತ್ರ ಅಧ್ಯಯನ ಬರುವ ತನಕ ತಡೆ ಅಂತ ಅದು ಹೇಳುತ್ತದೆ. ಆ ಅಧ್ಯಯನ ಯಾರು ಮಾಡಬೇಕು? ಎಷ್ಟು ದಿನದಲ್ಲಿ? ಜನರಿಗೆ ಸಮಾಧಾನ ಆಯಿತು ಅಂತ ತೀರ್ಮಾನಿಸುವುದು ಯಾರು, ಹೇಗೆ? ಸಭೆಯಲ್ಲಿ ಎದ್ದ ಪ್ರಶ್ನೆಗಳ ಪಟ್ಟಿ ಯಾವ ಇಲಾಖೆಯ ಮೇಜಿಗೆ ಹೋಗಬೇಕು? ಇದಕ್ಕೆಲ್ಲ ಹೆಸರಿಲ್ಲ, ಗಡುವಿಲ್ಲ. ಸಚಿವರು 2011ರಲ್ಲಿ ಬೇರೆ ಖಾತೆಗೆ ಹೋದರು. ಕಡತ ಅಲ್ಲೇ ಉಳಿಯಿತು.

ಆಮೇಲೆ ಎಲ್ಲರೂ ಅವರವರ ಪಾಠ ಕಲಿತರು

ತಡೆ ಬಂದ ಮೇಲೆ ಏನಾಯಿತು ಅಂತ ನೋಡಿದರೆ ನಗು ಬರುತ್ತದೆ, ಬೇಜಾರೂ ಆಗುತ್ತದೆ. ಅದೇ ಹೊತ್ತಿಗೆ ಜೈವಿಕ ತಂತ್ರಜ್ಞಾನ ನಿಯಂತ್ರಣದ ಹೊಸ ಕಾನೂನಿನ ಕರಡೊಂದು ಹೊರಬಿತ್ತು. ಪುರಾವೆ ಇಲ್ಲದೆ ಕುಲಾಂತರಿ ಉತ್ಪನ್ನದ ಸುರಕ್ಷತೆ ಬಗ್ಗೆ ಜನರ ದಾರಿ ತಪ್ಪಿಸಿದವರಿಗೆ ಜೈಲು ಮತ್ತು ದಂಡ ಅಂತ ಅದರಲ್ಲಿತ್ತು! ಕೊರತೆ ಮಾದರಿಯನ್ನು ಪೊಲೀಸ್ ಠಾಣೆಗೆ ಒಯ್ಯುವ ಯೋಚನೆ ಇದು. ಗದ್ದಲವಾಗಿ ಆ ಕಲಂ ಬಿದ್ದುಹೋಯಿತು. 2013ರಲ್ಲಿ ಲೋಕಸಭೆಗೆ ಬಂದ ಮಸೂದೆಯೂ ಮರುವರ್ಷ ಲೋಕಸಭೆಯ ಅವಧಿಯ ಜೊತೆ ಮುಗಿಯಿತು. ಜಿಇಎಸಿಯ ಹೆಸರಿನಲ್ಲಿದ್ದ ಅಪ್ರೂವಲ್ ಅನ್ನೋದನ್ನು 2010ರಲ್ಲೇ ಅಪ್ರೈಸಲ್, ಅಂದರೆ ಮೌಲ್ಯಮಾಪನ, ಅಂತ ಬದಲಿಸಿದರು. ಒಪ್ಪಿಗೆ ಕೊಡೋದು ನೀವಲ್ಲ, ನಾವು ಅಂತ ಸಚಿವಾಲಯ ಹೇಳಿದ ಹಾಗೆ.

2010ರ ಸೆಪ್ಟೆಂಬರಿನಲ್ಲಿ ದೇಶದ ಆರು ವಿಜ್ಞಾನ ಅಕಾಡೆಮಿಗಳು ಸೇರಿ ಕುಲಾಂತರಿ ಬೆಳೆಗಳ ಬಗ್ಗೆ ವರದಿ ಕೊಟ್ಟವು. ಬಿಟಿ ಬದನೆಯನ್ನು ಮಿತಿಯೊಳಗೆ ಬಿಡಬಹುದು ಅಂದವು. ಶಾಂತವಾಗಿ, ಪುರಾವೆ ಇಟ್ಟು ಮಾತಾಡಲು ವಿಜ್ಞಾನಿಗಳಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಆದರೆ ವರದಿಯ ಕೆಲವು ಸಾಲುಗಳನ್ನು ಬಿಟಿ ಬೆಳೆಯ ಪರವಾಗಿ ಮೊದಲೇ ಬಂದಿದ್ದ ಲೇಖನದಿಂದ ಹಾಗೆಯೇ ಎತ್ತಿದ್ದು ಬಯಲಾಯಿತು. ತಿದ್ದಿ ಮತ್ತೊಮ್ಮೆ ಕೊಟ್ಟರು. ವಿರೋಧಿಗಳು ಹತ್ತು ಸಭೆ ಮಾಡಿ ಮಾಡಲಾಗದ ಹಾನಿಯನ್ನು ಆ ಕೆಲವು ಸಾಲು ಮಾಡಿದವು. ಜನ ನಂಬುವುದಿಲ್ಲ ಅಂತ ದೂರುವವರು ಈ ಪುಟವನ್ನು ಓದಬೇಕು.

ಚಳವಳಿಯ ಕಡೆಯೂ ಹೇಳಬೇಕಾದ್ದು ಇದೆ. ತಡೆ ಸಿಕ್ಕಿದ್ದೇ ಗೆಲುವು ಅಂತ ಮುಗಿಸಿಬಿಟ್ಟರು. ಬದನೆ ಬೆಳೆಯುವವರು ಔಷಧಿ ಹೊಡೆಯುವುದು ನಿಂತಿಲ್ಲ. ಸ್ವತಂತ್ರ ಪರೀಕ್ಷೆ ಎಲ್ಲಿ ಅಂತ ಅಷ್ಟೇ ಜೋರಾಗಿ ಕೇಳಿದವರು ಕಡಿಮೆ. 2019ರಲ್ಲಿ ಹರಿಯಾಣದ ಫತೇಹಾಬಾದಿನಲ್ಲಿ ಹೊಲವೊಂದರಲ್ಲಿ ಬಿಟಿ ಬದನೆ ಕದ್ದು ಬೆಳೆದದ್ದು ಸಿಕ್ಕಿತು. ಮುಂಬಾಗಿಲು ಹಾಕಿದ್ದರಿಂದ ಹಿತ್ತಿಲಿನಿಂದ ಬಂದ ಬೀಜಕ್ಕೆ ಯಾವ ಪರೀಕ್ಷೆಯೂ ಇಲ್ಲ, ಯಾವ ಹೊಣೆಯೂ ಇಲ್ಲ.

ಬಾಂಗ್ಲಾದೇಶದ ಕಡೆ ಬೆರಳು ತೋರಿಸುವವರು ಬಹಳ. ಅಲ್ಲಿ 2013ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟು, 2014ರ ಜನವರಿಯಲ್ಲಿ 20 ರೈತರಿಗೆ ಸಸಿ ಹಂಚಿದರು. ನಾಲ್ಕೈದು ವರ್ಷದಲ್ಲಿ ಬೆಳೆಯುವವರ ಸಂಖ್ಯೆ ಸಾವಿರಗಳಲ್ಲಿ ಬಂತು. ಔಷಧಿ ಖರ್ಚು ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ. ನೋಡಿ, ಅಲ್ಲಿ ಏಳು ಊರಿನ ಸಭೆ ಇರಲಿಲ್ಲ, ಕೆಲಸ ಆಯಿತು ಅಂತಾರೆ. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಅಲ್ಲಿ ಬೀಜ ಕೊಟ್ಟದ್ದು ಸರ್ಕಾರಿ ಸಂಶೋಧನಾ ಸಂಸ್ಥೆ, ತಳಿ ಅವರದ್ದೇ, ಹೈಬ್ರಿಡ್ ಅಲ್ಲ, ರೈತ ಬೀಜ ಇಟ್ಟುಕೊಳ್ಳಬಹುದು. ಬೀಜ ಯಾರದ್ದು ಅನ್ನೋ ಪ್ರಶ್ನೆಗೆ ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ, ಕೈಯಲ್ಲಿ ಕೊಟ್ಟರು. ನಮ್ಮ ಧಾರವಾಡದವರ ಹತ್ತಿರ ಇದ್ದದ್ದೂ ಅಂಥದ್ದೇ. ಅಲ್ಲಿ ಆತಂಕವೇ ಇರಲಿಲ್ಲ ಅಂತಲ್ಲ, ವಿರೋಧವೂ ಇತ್ತು. ಜನರನ್ನು ಕೇಳದೆ ಮಾಡಿದರೆ ಸುಲಭ ಅನ್ನೋ ಪಾಠಕ್ಕೆ ಮಾತ್ರ ಈ ಉದಾಹರಣೆ ಹೊಂದುವುದಿಲ್ಲ.

ಸಾಸಿವೆಯ ಸರದಿ

ಮುಂದಿನ ಸುತ್ತು ಸಾಸಿವೆಯದ್ದು. ದೆಹಲಿ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಡಿಎಂಎಚ್-11 ಎಂಬ ಕುಲಾಂತರಿ ಸಾಸಿವೆಯ ಬಗ್ಗೆ 2016ರಲ್ಲಿ ಅಭಿಪ್ರಾಯ ಕೇಳಿದರು. ಈ ಸಲ ಸಭೆ ಇಲ್ಲ. ಒಂದು ಸಾರಾಂಶ ವರದಿ ವೆಬ್‌ಸೈಟಿನಲ್ಲಿ, ಮೂವತ್ತು ದಿನ. ಪೂರ್ತಿ ಕಡತ ನೋಡಬೇಕು ಅಂದರೆ ದೆಹಲಿಯ ಸಚಿವಾಲಯಕ್ಕೇ ಹೋಗಬೇಕು. ಭರತಪುರದ ಸಾಸಿವೆ ಬೆಳೆಗಾರ ರೈಲು ಹತ್ತಿ ಹೋಗಿ ಇಂಗ್ಲಿಷ್ ಕಡತ ಓದಿ ಬರಲಿ ಅಂತ. ಬದನೆಯ ಸಭೆಗಳಿಂದ ಸಚಿವಾಲಯ ಕಲಿತ ಪಾಠ ಗದ್ದಲ ತಪ್ಪಿಸುವುದು ಹೇಗೆ ಅನ್ನೋದು ಅಂತ ಕಾಣುತ್ತದೆ.

2022ರ ಅಕ್ಟೋಬರಿನಲ್ಲಿ ಜಿಇಎಸಿ ಸಾಸಿವೆಗೆ ಶಿಫಾರಸು ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜುಲೈ 23ರಂದು ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್ ಒಪ್ಪಿಗೆ ಸರಿಯೋ ತಪ್ಪೋ ಅನ್ನೋದರಲ್ಲಿ ಬೇರೆ ಬೇರೆ ತೀರ್ಪು ಕೊಟ್ಟರು. ಕೆಲವು ವಿಷಯಗಳಲ್ಲಿ ಇಬ್ಬರೂ ಒಂದಾದರು, ಅವುಗಳಲ್ಲಿ ಮುಖ್ಯವಾದದ್ದು ಇದು. ಕುಲಾಂತರಿ ಬೆಳೆಗಳ ಬಗ್ಗೆ ಸರ್ಕಾರ ಒಂದು ರಾಷ್ಟ್ರೀಯ ನೀತಿ ಮಾಡಬೇಕು, ಅದಕ್ಕೆ ರೈತ ಸಂಘಟನೆಗಳು, ರಾಜ್ಯ ಸರ್ಕಾರಗಳು, ತಜ್ಞರು ಎಲ್ಲರನ್ನೂ ಕೇಳಬೇಕು, ಆದಷ್ಟೂ ನಾಲ್ಕು ತಿಂಗಳೊಳಗೆ. ಯಾರನ್ನು ಕೇಳಬೇಕು ಅನ್ನೋದು ಆದೇಶದಲ್ಲಿದೆ. ಹೇಗೆ ಕೇಳಬೇಕು ಅನ್ನೋದನ್ನು ಸಚಿವಾಲಯಕ್ಕೆ ಬಿಟ್ಟಿದ್ದಾರೆ.